ಜನರೇಟರ್ ಹೊಗೆಗೆ ನಿಯಮ ಬಂತು, ಕರೆಂಟಿನ ಅಲೆಗೆ?

2023ರಲ್ಲಿ ಕರೆಂಟಿಗೆ ಸಂಬಂಧಿಸಿದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಜನವರಿ 1ರಿಂದ ಸೀಲಿಂಗ್ ಫ್ಯಾನ್‌ಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಯಿತು. ಜುಲೈ 1ರಿಂದ ಹೊಸ ಜನರೇಟರ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಿಪಿಸಿಬಿ 4 ಪ್ಲಸ್’ ನಿಯಮ ಜಾರಿಗೆ ಬಂತು. ಆ ವರ್ಷ ಮಳೆ ಕೈಕೊಟ್ಟಿತ್ತು. ಅಕ್ಟೋಬರ್ ಹೊತ್ತಿಗೆ ಕರ್ನಾಟಕದಲ್ಲಿ ಕರೆಂಟ್ ಕಡಿತ ಶುರುವಾಯಿತು. ಯುಪಿಎಸ್, ಜನರೇಟರ್ ಮತ್ತೆ ಮನೆಮಾತಾದವು.

ಆಗ ಎದ್ದ ಪ್ರಶ್ನೆಗಳು ಇನ್ನೂ ಹಾಗೇ ಇವೆ. ಅಪಾರ್ಟ್‌ಮೆಂಟಿಗೆ ಹೊಸ ನಿಯಮದ ಜನರೇಟರ್ ಬರುತ್ತದೆ, ‘ಕ್ಲೀನ್ ಪವರ್’ ಅಂತ ಹೇಳಿ ಕೊಟ್ಟಿರುತ್ತಾರೆ. ಆದರೆ ಅದು ಓಡುವಾಗಲೂ ಮನೆಯೊಳಗಿನ ಯುಪಿಎಸ್ ಪೀಂ ಪೀಂ ಎನ್ನುತ್ತಲೇ ಇರುತ್ತದೆ. ಯುಪಿಎಸ್ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಇರುತ್ತದೆ. ಆದರೂ ಕರೆಂಟ್ ಹೋದ ಕೂಡಲೇ ಹಳೆಯ ಫ್ಯಾನ್ ಗುಂಯ್ ಅನ್ನಲು ಶುರುಮಾಡುತ್ತದೆ. ಪಕ್ಕದ ರೂಮಿನ ಹೊಸ ಫೈವ್ ಸ್ಟಾರ್ ಫ್ಯಾನ್ ಮಾತ್ರ ತಣ್ಣಗೆ ತಿರುಗುತ್ತಿರುತ್ತದೆ. ಎಲ್ಲದರ ಮೇಲೂ ಒಂದೊಂದು ಗುರುತು, ಒಂದೊಂದು ಸರ್ಟಿಫಿಕೇಟು. ಮತ್ತೆ ತೊಂದರೆ ಎಲ್ಲಿಂದ ಬರುತ್ತದೆ?

ಉತ್ತರ ಇರುವುದು ಈ ಗುರುತುಗಳು ಯಾವುವೂ ಹೇಳದ ಒಂದು ವಿಷಯದಲ್ಲಿ. ಅದು ಕರೆಂಟಿನ ಅಲೆಯ ಆಕಾರ.

ಅಲೆ ಅಂದರೆ ಏನು

ನಮ್ಮ ಮನೆಗೆ ಬರುವುದು ಎಸಿ ಕರೆಂಟ್. ಅದರ ವೋಲ್ಟೇಜ್ ಒಂದೇ ಕಡೆ ನಿಲ್ಲುವುದಿಲ್ಲ, ಉಯ್ಯಾಲೆಯ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್. 230 ವೋಲ್ಟ್ ಅನ್ನುತ್ತೇವಲ್ಲ, ಅದು ಒಂದು ಬಗೆಯ ಸರಾಸರಿ, ಆರ್‌ಎಂಎಸ್ ಅನ್ನುತ್ತಾರೆ. ಉಯ್ಯಾಲೆ ಪೂರ್ತಿ ಮೇಲೆ ಹೋದಾಗ ವೋಲ್ಟೇಜ್ 325ರ ತನಕ ಏರುತ್ತದೆ. ಅಲ್ಲಿಂದ ಮೆಲ್ಲಗೆ ಇಳಿದು, ಸೊನ್ನೆ ದಾಟಿ, ಇನ್ನೊಂದು ಕಡೆ ಅಷ್ಟೇ ದೂರ ಹೋಗುತ್ತದೆ. ಎಲ್ಲೂ ಜಗ್ಗುವುದಿಲ್ಲ, ಮೂಲೆಗಳಿಲ್ಲ. ಇದೇ ಸೈನ್ ವೇವ್. ಸುತ್ತುವ ಯಂತ್ರದಿಂದ ಕರೆಂಟ್ ತೆಗೆದರೆ ಸಹಜವಾಗಿ ಹುಟ್ಟುವುದು ಈ ಆಕಾರವೇ.

ಬ್ಯಾಟರಿಯಲ್ಲಿ ಸುತ್ತುವುದು ಏನೂ ಇಲ್ಲ. ಅಲ್ಲಿರುವುದು ಡಿಸಿ. ಅದನ್ನು ಎಸಿ ಮಾಡಲು ತೀರಾ ಸುಲಭದ ದಾರಿ ಒಂದಿದೆ: ಸ್ವಿಚ್ಚನ್ನು ಈ ಕಡೆ 10 ಮಿಲಿಸೆಕೆಂಡ್, ಆ ಕಡೆ 10 ಮಿಲಿಸೆಕೆಂಡ್ ಹಾಕುವುದು. ವೋಲ್ಟೇಜ್ ಒಂದೇ ಏಟಿಗೆ ಮೇಲೆ ಹಾರಿ, ಅಲ್ಲೇ ಚಪ್ಪಟೆಯಾಗಿ ನಿಂತು, ಮತ್ತೆ ಒಂದೇ ಏಟಿಗೆ ಕೆಳಗೆ ಬೀಳುತ್ತದೆ. ಇದು ಸ್ಕ್ವೇರ್ ವೇವ್. ಇದಕ್ಕೆ ಸ್ವಲ್ಪ ತಿದ್ದುಪಡಿ ಮಾಡಿ, ಮೇಲೆ 5 ಮಿಲಿಸೆಕೆಂಡ್, ನಡುವೆ ಸೊನ್ನೆಯಲ್ಲಿ 5 ಮಿಲಿಸೆಕೆಂಡ್ ನಿಲ್ಲಿಸಿದರೆ ಅದನ್ನು ‘ಮಾಡಿಫೈಡ್ ಸೈನ್ ವೇವ್’ ಅಂತ ಮಾರುತ್ತಾರೆ. ಹೆಸರಿನಲ್ಲಿ ಸೈನ್ ಇದೆ, ಆಕಾರದಲ್ಲಿ ಇಲ್ಲ. ಇದರ ಗುಣ ಒಂದೇ: ಸರಾಸರಿ 230 ಕೂಡ ಸರಿ ಬರುತ್ತದೆ, ತುದಿಯ 325 ಕೂಡ ಸರಿ ಬರುತ್ತದೆ.

ಮೂರನೆಯ ದಾರಿಯೂ ಇದೆ. ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು, ಪ್ರತಿ ಸಲ ಎಷ್ಟು ಹೊತ್ತು ಹಾಕಿರಬೇಕು ಅನ್ನುವುದನ್ನು ಹೆಚ್ಚು ಕಡಿಮೆ ಮಾಡುತ್ತಾ, ಕೊನೆಗೆ ಫಿಲ್ಟರ್‌ನಲ್ಲಿ ನಯ ಮಾಡುವುದು. ಇದು ಪ್ಯೂರ್ ಸೈನ್ ವೇವ್ ಯುಪಿಎಸ್. ಒಂದು ಕಾಲಕ್ಕೆ ಇದು ದುಬಾರಿ ಕೆಲಸವಾಗಿತ್ತು. ಈಗ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್ ಒಂದು ಈ ಲೆಕ್ಕವನ್ನೆಲ್ಲ ಮಾಡಿಬಿಡುತ್ತದೆ.

ಅಂದಹಾಗೆ ಒಂದು ಮಾತು. ನಮ್ಮಲ್ಲಿ ಮನೆಯ ಇನ್ವರ್ಟರ್‌ಗೂ ‘ಯುಪಿಎಸ್’ ಅಂತಲೇ ಹೆಸರು. ಈ ಲೇಖನದಲ್ಲೂ ಹಾಗೇ ಬಳಸಿದ್ದೇನೆ.

ತಂಬೂರಿಗೆ ಚೆಂದ, ಫ್ಯಾನಿಗೆ ಕಷ್ಟ

ಮೂಲೆ ಇರುವ ಅಲೆ ಯಾಕೆ ತೊಂದರೆ ಅನ್ನುವುದಕ್ಕೆ ತಂಬೂರಿಯನ್ನು ನೆನಪಿಸಿಕೊಳ್ಳಿ. ಮೀಟುವುದು ಷಡ್ಜದ ತಂತಿ. ಕಿವಿಗೊಟ್ಟು ಕೇಳಿದರೆ ಅದರೊಳಗೆ ಗಾಂಧಾರವೂ ಕೇಳುತ್ತದೆ. ಯಾರೂ ಗಾಂಧಾರವನ್ನು ನುಡಿಸಿರುವುದಿಲ್ಲ. ತಂತಿ ತನ್ನ ಮೂಲ ಕಂಪನದ ಮೂರು ಪಟ್ಟು, ಐದು ಪಟ್ಟು ವೇಗದಲ್ಲೂ ನಡುಗುತ್ತಿರುತ್ತದೆ. ಐದನೆಯದು ನಮಗೆ ಗಾಂಧಾರವಾಗಿ ಕೇಳುತ್ತದೆ.

ಕರೆಂಟಿನಲ್ಲೂ ಇದೇ ಲೆಕ್ಕ. ಸ್ಕ್ವೇರ್ ವೇವ್ ಅಂದರೆ ಬರೀ 50 ಹರ್ಟ್ಜ್ ಅಲ್ಲ. ಅದರ ಜೊತೆಗೆ ಮೂರನೇ ಒಂದರಷ್ಟು 150 ಹರ್ಟ್ಜ್, ಐದನೇ ಒಂದರಷ್ಟು 250 ಹರ್ಟ್ಜ್, ಏಳನೇ ಒಂದರಷ್ಟು 350 ಹರ್ಟ್ಜ್, ಹೀಗೆ ಸಾಲುಸಾಲಾಗಿ ಬರುತ್ತವೆ. ಇವನ್ನು ಹಾರ್ಮೋನಿಕ್ಸ್ ಅನ್ನುತ್ತಾರೆ. ಇವೆಲ್ಲ ಸೇರಿ ಮೂಲ ಅಲೆಗೆ ಹೋಲಿಸಿದರೆ ಎಷ್ಟಿವೆ ಎಂದು ಹೇಳುವ ಅಳತೆ ಟಿಎಚ್‌ಡಿ. ಸ್ಕ್ವೇರ್ ವೇವ್‌ನ ಟಿಎಚ್‌ಡಿ ಸುಮಾರು 48 ಪರ್ಸೆಂಟ್. ಮೇಲೆ ಹೇಳಿದ 5 ಮಿಲಿಸೆಕೆಂಡ್ ಲೆಕ್ಕದ ಮಾಡಿಫೈಡ್ ಸೈನ್ ವೇವ್‌ನದ್ದೂ ಅಷ್ಟೇ! ನಡುವೆ ಸೊನ್ನೆ ಹಾಕಿದ್ದರಿಂದ ಈ ವಿಷಯದಲ್ಲಿ ಏನೂ ಸುಧಾರಿಸಲಿಲ್ಲ.

ಹಳೆಯ ಮಾದರಿಯ ಫ್ಯಾನನ್ನು ಹತ್ತಿರದಿಂದ ನೋಡೋಣ. ಅದರೊಳಗೆ ಎರಡು ಸುರುಳಿಗಳಿವೆ. ಒಂದರ ಜೊತೆ 2.5 ಮೈಕ್ರೋಫ್ಯಾರಡ್ ಆಸುಪಾಸಿನ ಪುಟ್ಟ ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವ ಬಿಡಿಭಾಗ) ಇದೆ. ಫ್ಯಾನಿನ ಮೇಲಿನ ಬಟ್ಟಲು ತೆಗೆದರೆ ಕಾಣುವ ಬಿಳಿ ಡಬ್ಬಿ ಅದೇ. ಮೋಟರ್ ತಿರುಗಲು ಬೇಕಾಗಿರುವುದು 50 ಹರ್ಟ್ಜ್ ಮಾತ್ರ. 150, 250 ಹರ್ಟ್ಜ್ ಬಂದರೆ ರೆಕ್ಕೆ ಜೋರಾಗಿ ತಿರುಗುವುದಿಲ್ಲ. ಆ ಶಕ್ತಿಯೆಲ್ಲ ಕಬ್ಬಿಣವನ್ನು ನಡುಗಿಸುತ್ತದೆ, ತಾಮ್ರವನ್ನು ಬಿಸಿ ಮಾಡುತ್ತದೆ. ಗುಂಯ್ ಸದ್ದು ಬರುವುದು ಅಲ್ಲಿಂದಲೇ. ಇನ್ನು ಕೆಪಾಸಿಟರ್‌ನ ಸ್ವಭಾವ ನೋಡಿ: ವೋಲ್ಟೇಜ್ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಜಾಸ್ತಿ ಕರೆಂಟ್ ಅದು ಎಳೆಯುತ್ತದೆ. ನಯವಾದ ಅಲೆಯಲ್ಲಿ ಬದಲಾವಣೆ ಮೆಲ್ಲಗೆ. ಸ್ಕ್ವೇರ್ ವೇವ್‌ನಲ್ಲಿ ಒಂದೇ ನೆಗೆತ. ಪ್ರತಿ ನೆಗೆತಕ್ಕೂ ಕೆಪಾಸಿಟರ್‌ಗೆ ಒಂದು ಏಟು. ಸೆಕೆಂಡಿಗೆ ನೂರು ಏಟು. ಹೀಗಾಗಿ ಫ್ಯಾನ್ ಬಿಸಿಯಾಗುತ್ತದೆ, ಕೆಪಾಸಿಟರ್ ಬೇಗ ಸೊರಗುತ್ತದೆ, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಯಾಕಂದರೆ ಆ ಬಿಸಿಗೂ ಸದ್ದಿಗೂ ಬ್ಯಾಟರಿಯೇ ಶಕ್ತಿ ಕೊಡಬೇಕು.

ಚಾರ್ಜ್ ಮಾಡುವ ಸೊಳ್ಳೆ ಬ್ಯಾಟ್ ಗೊತ್ತಲ್ಲ? ಅಗ್ಗದ ಬ್ಯಾಟ್‌ಗಳಲ್ಲಿ, ಕೆಲವು ಎಲ್‌ಇಡಿ ನೈಟ್ ಲ್ಯಾಂಪ್‌ಗಳಲ್ಲಿ, ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮತ್ತು ಅದರ ಮುಂದೆ ಒಂದು ಪುಟ್ಟ ರೆಸಿಸ್ಟರ್ ಇಟ್ಟು 230 ವೋಲ್ಟಿನಿಂದ ಕೆಲಸ ನಡೆಸುತ್ತಾರೆ. ನಯವಾದ ಅಲೆಯಲ್ಲಿ ಇದು ಹೇಗೋ ನಡೆಯುತ್ತದೆ. ಮೂಲೆಯ ಅಲೆಯಲ್ಲಿ ಪ್ರತಿ ನೆಗೆತದ ಕರೆಂಟ್ ಆ ರೆಸಿಸ್ಟರ್ ಮೂಲಕ ನುಗ್ಗುತ್ತದೆ. ಅದನ್ನು ತಡೆಯಲು ಬೇರೆ ಯಾರೂ ಇಲ್ಲ. ರೆಸಿಸ್ಟರ್ ಕಾದು, ಕಪ್ಪಾಗಿ, ಸುಟ್ಟುಹೋಗುತ್ತದೆ. ‘ಯುಪಿಎಸ್ ಲೈನಿಗೆ ಹಾಕಿದ್ದೆ, ಬ್ಯಾಟ್ ಹೋಯ್ತು’ ಅನ್ನುವ ದೂರಿನ ಹಿಂದೆ ಇರುವ ಕಾರಣ ಎಷ್ಟೋ ಸಲ ಇದೇ.

ಫೈವ್ ಸ್ಟಾರ್ ಫ್ಯಾನ್ ಯಾಕೆ ಸುಮ್ಮನಿರುತ್ತದೆ

ಸ್ಟಾರ್ ಜಾಸ್ತಿ ಇರುವ ಹೊಸ ಫ್ಯಾನ್‌ಗಳು ಹೆಚ್ಚಾಗಿ ಬಿಎಲ್‌ಡಿಸಿ ಮಾದರಿಯವು. ಅವು ಬಂದ ಎಸಿ ಕರೆಂಟನ್ನು ಮೊದಲು ಡಿಸಿ ಮಾಡಿಕೊಳ್ಳುತ್ತವೆ. ಆಮೇಲೆ ತಮಗೆ ಬೇಕಾದ ಅಲೆಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಹೊರಗಿನ ಅಲೆ ಹೇಗಿದ್ದರೂ ಮೋಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ವೈಫೈ ರೂಟರ್, ಒಳ್ಳೆಯ ಎಲ್‌ಇಡಿ ಬಲ್ಬ್ ಎಲ್ಲವೂ ಇದೇ ಜಾತಿ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಅನ್ನಿಸಬಹುದು. ಇಲ್ಲ. ಕಥೆಯ ಅರ್ಧ ಭಾಗ ಇನ್ನೂ ಬಾಕಿ ಇದೆ, ಜನರ ಗಮನಕ್ಕೆ ಬಾರದ ಭಾಗ ಅದು. ಈ ಉಪಕರಣಗಳು ಕೆಟ್ಟ ಅಲೆಯನ್ನು ಸಹಿಸಿಕೊಳ್ಳುತ್ತವೆ, ನಿಜ. ಆದರೆ ಇವೇ ಅಲೆಯನ್ನು ಕೆಡಿಸುತ್ತವೆ ಕೂಡ.

ಇವುಗಳ ಬಾಗಿಲಲ್ಲಿ ಎಸಿಯನ್ನು ಡಿಸಿ ಮಾಡುವ ಒಂದು ರೆಕ್ಟಿಫೈಯರ್, ಅದರ ಹಿಂದೆ ಒಂದು ಕೆಪಾಸಿಟರ್ ಇರುತ್ತದೆ. ಕೆಪಾಸಿಟರ್ ಆಗಲೇ 300 ವೋಲ್ಟ್ ಮೇಲೆ ತುಂಬಿಕೊಂಡಿದೆ. ಅಲೆ ಅದಕ್ಕಿಂತ ಮೇಲೇರಿದಾಗ ಮಾತ್ರ ಕರೆಂಟ್ ಒಳಗೆ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡಿನ ಅರ್ಧ ಅಲೆಯಲ್ಲಿ ಹೆಚ್ಚು ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ತುದಿಯ ಹತ್ತಿರ ಒಂದೆರಡು ಮಿಲಿಸೆಕೆಂಡಿನಲ್ಲಿ ಗಬಗಬನೆ ನುಂಗುತ್ತವೆ. ಒಂದು ಬಲ್ಬ್ ಹೀಗೆ ಮಾಡಿದರೆ ಏನೂ ಆಗದು. ಇಡೀ ಅಪಾರ್ಟ್‌ಮೆಂಟಿನ ಬಲ್ಬ್, ಟಿವಿ, ಕಂಪ್ಯೂಟರ್, ಯುಪಿಎಸ್ ಚಾರ್ಜರ್ ಎಲ್ಲವೂ ಒಂದೇ ಕ್ಷಣಕ್ಕೆ ಎಳೆದರೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಒಳ್ಳೆಯ ಸೈನ್ ವೇವ್ ಹುಟ್ಟಿಸುವ ಯಂತ್ರವೇ ಇದ್ದರೂ ಮನೆಯ ಸಾಕೆಟ್‌ಗೆ ಬರುವ ಹೊತ್ತಿಗೆ ಅದರ ತಲೆ ಕತ್ತರಿಸಿ ಹೋಗಿರುತ್ತದೆ.

ಅಲೆಯ ಆಕಾರ ಯಂತ್ರವೊಂದರ ಗುಣವಲ್ಲ. ಯಂತ್ರ ಮತ್ತು ಅದಕ್ಕೆ ಹಾಕಿದ ಲೋಡ್ (ಕರೆಂಟ್ ಎಳೆಯುವ ಉಪಕರಣಗಳು) ಎರಡೂ ಸೇರಿ ಅದನ್ನು ನಿರ್ಧರಿಸುತ್ತವೆ. ಈ ಇಡೀ ಗೊಂದಲದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು.

ಕೆರೆ ಮತ್ತು ಕೊಡ

ಬೆಸ್ಕಾಂ ಕರೆಂಟ್ ಇದ್ದಾಗ ಇದೇ ಬಲ್ಬ್, ಇದೇ ಟಿವಿ ಇರುತ್ತವೆ. ಆಗ ಯಾಕೆ ಅಷ್ಟು ತೊಂದರೆ ಕಾಣುವುದಿಲ್ಲ?

ಕೆರೆಯಿಂದ ಒಂದು ತಂಬಿಗೆ ನೀರು ಎತ್ತಿದರೆ ಮಟ್ಟ ಇಳಿಯುವುದಿಲ್ಲ. ಕೊಡದಿಂದ ಎತ್ತಿದರೆ ಕಣ್ಣಿಗೇ ಕಾಣುತ್ತದೆ. ನಮ್ಮ ಗ್ರಿಡ್ ದೊಡ್ಡ ಕೆರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನ್ ಶುರುವಾದಾಗ ದಕ್ಷಿಣ ಭಾರತದ ಗ್ರಿಡ್ ಉಳಿದ ದೇಶದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಸೇರಿತು. ಅಂದಿನಿಂದ ಶರಾವತಿಯ ಟರ್ಬೈನ್, ರಾಯಚೂರಿನ ಕಲ್ಲಿದ್ದಲು ಘಟಕ, ಉತ್ತರದ ಎಲ್ಲೋ ಒಂದು ಜಲವಿದ್ಯುತ್ ಕೇಂದ್ರ ಎಲ್ಲವೂ ಒಂದೇ ಲಯದಲ್ಲಿ ತಿರುಗುತ್ತಿವೆ. ಫ್ರೀಕ್ವೆನ್ಸಿಯನ್ನು 49.90ರಿಂದ 50.05 ಹರ್ಟ್ಜ್ ಒಳಗೆ ಇಡಬೇಕು ಅನ್ನುವುದು ಗ್ರಿಡ್ ನಿಯಮ. ಅಷ್ಟು ದೊಡ್ಡ ಕೆರೆಗೆ ನಮ್ಮ ಮನೆಯ ಟಿವಿ ಲೆಕ್ಕಕ್ಕೇ ಇಲ್ಲ.

ಕರೆಂಟ್ ಹೋಗಿ, ಕಟ್ಟಡವನ್ನು ಜನರೇಟರ್‌ಗೆ ಬದಲಾಯಿಸುವ ಚೇಂಜ್‌ಓವರ್ ಸ್ವಿಚ್ ಬಿದ್ದ ಕ್ಷಣ ನಾವು ಕೆರೆಯಿಂದ ಕೊಡಕ್ಕೆ ಬರುತ್ತೇವೆ. ಬೇಸ್‌ಮೆಂಟಿನಲ್ಲಿ ಒಂದೇ ಒಂದು ಎಂಜಿನ್, ಅದರ ಬೆನ್ನಿಗೆ ಕರೆಂಟ್ ಹುಟ್ಟಿಸುವ ಒಂದು ಆಲ್ಟರ್ನೇಟರ್. ಆಲ್ಟರ್ನೇಟರ್‌ನ ಸುರುಳಿಗಳು ದಿಢೀರ್ ಬದಲಾವಣೆಗೆ ಒಡ್ಡುವ ಅಡ್ಡಿಗೆ ರಿಯಾಕ್ಟೆನ್ಸ್ ಅನ್ನುತ್ತಾರೆ. ಬೀದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಇದು ಸಾಮಾನ್ಯವಾಗಿ 4–5 ಪರ್ಸೆಂಟ್ ಇದ್ದರೆ, ಆಲ್ಟರ್ನೇಟರ್‌ನಲ್ಲಿ 10–15 ಪರ್ಸೆಂಟ್ ಇರುವುದು ಮಾಮೂಲು. ಅಂದರೆ ಲೋಡ್ ಅದೇ ಇದ್ದರೂ, ಜನರೇಟರ್ ಮೇಲೆ ಅಲೆ ಎರಡು ಮೂರು ಪಟ್ಟು ಜಾಸ್ತಿ ಕೆಡುತ್ತದೆ. ಜನರೇಟರ್ ಸೈಜು ಟ್ರಾನ್ಸ್‌ಫಾರ್ಮರ್‌ಗಿಂತ ಚಿಕ್ಕದಿದ್ದರೆ ಇನ್ನೂ ಜಾಸ್ತಿ.

ಇಷ್ಟಕ್ಕೇ ನಿಲ್ಲುವುದಿಲ್ಲ. ಜನರೇಟರ್‌ನ ವೋಲ್ಟೇಜನ್ನು ಕಾಯುವ ಎವಿಆರ್ ಅನ್ನುವ ಸಾಧನವೂ ಇದೇ ಅಲೆಯನ್ನು ನೋಡಿಯೇ ನಿರ್ಧಾರ ಮಾಡುವುದು. ಅಲೆ ಕೆಟ್ಟರೆ ಅದು ತಪ್ಪು ಓದುತ್ತದೆ. ವೋಲ್ಟೇಜ್ ಕಡಿಮೆಯಾಯಿತೆಂದು ಏರಿಸುತ್ತದೆ, ಜಾಸ್ತಿಯಾಯಿತೆಂದು ಇಳಿಸುತ್ತದೆ. ಲೈಟುಗಳು ಉಸಿರಾಡಿದ ಹಾಗೆ ಏರಿ ಇಳಿಯುವುದನ್ನು ನೋಡಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಯುಪಿಎಸ್ ಪೀಂ ಪೀಂ ಅನ್ನುವುದೂ ಇಲ್ಲಿಂದಲೇ. ಯುಪಿಎಸ್ ಹೊರಗಿನ ಕರೆಂಟನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ವೋಲ್ಟೇಜ್, ಫ್ರೀಕ್ವೆನ್ಸಿ ತನ್ನ ಮಿತಿಯೊಳಗೆ ಇವೆಯಾ ಅಂತ ನೋಡುತ್ತದೆ. ಹಳೆಯ ಮಾದರಿಯ ಮೆಕ್ಯಾನಿಕಲ್ ಗವರ್ನರ್ (ಎಂಜಿನ್ ವೇಗ ಕಾಯುವ ಸಾಧನ) ಇರುವ ಜನರೇಟರ್ ಪೂರ್ತಿ ಲೋಡಿನಲ್ಲಿ 50 ಹರ್ಟ್ಜ್ ಕೊಟ್ಟರೆ, ಲೋಡ್ ಇಲ್ಲದಾಗ 52ರ ಮೇಲೆ ಓಡುತ್ತದೆ. ಲಿಫ್ಟ್ ಶುರುವಾದಾಗ ಕೆಳಗೆ ಜಾರುತ್ತದೆ, ನಿಂತಾಗ ಮೇಲೆ ಹಾರುತ್ತದೆ. ಯುಪಿಎಸ್ ಇದನ್ನು ನೋಡಿ ‘ಈ ಕರೆಂಟ್ ಬೇಡ’ ಎಂದು ಬ್ಯಾಟರಿಗೆ ಹೋಗುತ್ತದೆ. ಅದು ಹೋದ ಕೂಡಲೇ ಜನರೇಟರ್ ಮೇಲಿನ ಲೋಡ್ ಇಳಿದು ಅಲೆ ಸರಿಯಾಗುತ್ತದೆ. ಯುಪಿಎಸ್ ಮತ್ತೆ ಬರುತ್ತದೆ, ಲೋಡ್ ಏರುತ್ತದೆ, ಅಲೆ ಮತ್ತೆ ಕೆಡುತ್ತದೆ. ಹೀಗೇ ಸುತ್ತು. ಕೊನೆಗೆ ಬ್ಯಾಟರಿ ಖಾಲಿಯಾಗಿ, ಜನರೇಟರ್ ಓಡುತ್ತಿದ್ದರೂ ಕಂಪ್ಯೂಟರ್ ಆಫ್ ಆಗುತ್ತದೆ. ದೋಷ ಯುಪಿಎಸ್‌ನದ್ದೂ ಅಲ್ಲ, ಜನರೇಟರ್‌ನದ್ದೂ ಅಲ್ಲ. ಅವೆರಡರ ಜೋಡಿ ಸರಿಯಿಲ್ಲ.

ದೊಡ್ಡ ಕಟ್ಟಡಗಳಲ್ಲಿ ಇನ್ನೊಂದು ತೊಡಕಿದೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಇಳಿದರೆ ಬಿಲ್‌ನಲ್ಲಿ ದಂಡ ಬೀಳುತ್ತದೆ ಅಂತ ಕೆಪಾಸಿಟರ್ ಪ್ಯಾನಲ್ ಹಾಕಿರುತ್ತಾರೆ. ಗ್ರಿಡ್ ಕರೆಂಟಿಗೆ ಅದು ಸರಿ. ಜನರೇಟರ್ ಓಡುವಾಗಲೂ ಆ ಪ್ಯಾನಲ್ ಹಾಗೇ ಇದ್ದರೆ, ಕೆಪಾಸಿಟರ್‌ಗಳು ಆಲ್ಟರ್ನೇಟರ್‌ಗೆ ಹೊರಗಿನಿಂದ ಎಕ್ಸೈಟೇಶನ್ (ಕರೆಂಟ್ ಹುಟ್ಟಿಸಲು ಬೇಕಾದ ಕಾಂತಬಲ) ಕೊಟ್ಟ ಹಾಗಾಗುತ್ತದೆ. ಎವಿಆರ್ ಕೈ ಬಿಟ್ಟರೂ ವೋಲ್ಟೇಜ್ ಏರುತ್ತಲೇ ಹೋಗಬಹುದು. ಪರಿಹಾರ ಸುಲಭ: ಜನರೇಟರ್ ಶುರುವಾದಾಗ ಆ ಪ್ಯಾನಲ್ ತಾನಾಗಿ ಬಿಟ್ಟುಕೊಳ್ಳುವಂತೆ ಒಂದು ಇಂಟರ್‌ಲಾಕ್. ಎಷ್ಟು ಕಟ್ಟಡಗಳಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡುತ್ತಾರೆ ಅನ್ನುವುದೇ ಪ್ರಶ್ನೆ.

ಮೀಟರ್ ಕೂಡ ಮೋಸ ಹೋಗುತ್ತದೆ

ಎಲೆಕ್ಟ್ರಿಷಿಯನ್ ಬಂದು ಸಾಕೆಟ್‌ಗೆ ಮಲ್ಟಿಮೀಟರ್ ಇಡುತ್ತಾರೆ. 180 ವೋಲ್ಟ್ ತೋರಿಸುತ್ತದೆ. ‘ಯುಪಿಎಸ್ ವೀಕ್ ಆಗಿದೆ ಸರ್, ಬೋರ್ಡ್ ಬದಲಾಯಿಸಬೇಕು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಮೀಟರ್ ತೋರಿಸಿದ್ದನ್ನೇ ಹೇಳುತ್ತಿದ್ದಾರೆ.

ಅಗ್ಗದ ಮಲ್ಟಿಮೀಟರ್ ಅಲೆಯ ಸಾದಾ ಸರಾಸರಿಯನ್ನು ಅಳೆದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. ಅಲೆ ನಯವಾದ ಸೈನ್ ಆಗಿದ್ದರೆ ಈ ಲೆಕ್ಕ ಸರಿ. ಮಾಡಿಫೈಡ್ ಸೈನ್ ವೇವ್‌ಗೆ ಇಟ್ಟರೆ ಏನಾಗುತ್ತದೆ ನೋಡಿ. ಅರ್ಧ ಹೊತ್ತು 325, ಅರ್ಧ ಹೊತ್ತು ಸೊನ್ನೆ. ಸರಾಸರಿ 162. ಅದನ್ನು 1.11ರಿಂದ ಗುಣಿಸಿದರೆ 180. ನಿಜವಾದ ಬೆಲೆ 230 ಇದ್ದರೂ ಮೀಟರ್ 50 ವೋಲ್ಟ್ ಕಡಿಮೆ ತೋರಿಸಿತು. ಸ್ಕ್ವೇರ್ ವೇವ್‌ಗೆ ಇಟ್ಟರೆ ಇದಕ್ಕೆ ಉಲ್ಟಾ. 207 ವೋಲ್ಟ್ ಇದ್ದರೆ 230 ತೋರಿಸಿ ಎಲ್ಲ ಸರಿಯಿದೆ ಅನ್ನಿಸುತ್ತದೆ. ‘ಟ್ರೂ ಆರ್‌ಎಂಎಸ್’ ಎಂದು ಬರೆದಿರುವ ಮೀಟರ್ ಇದ್ದರೆ ಈ ತಪ್ಪು ಆಗುವುದಿಲ್ಲ. ಸುಮ್ನೆ ಬೋರ್ಡ್ ಬದಲಾಯಿಸಿ ದುಡ್ಡು ಕಳೆದುಕೊಳ್ಳುವ ಮೊದಲು ಯಾವ ಮೀಟರ್ ಅಂತ ಒಮ್ಮೆ ಕೇಳುವುದು ಒಳ್ಳೆಯದು.

ಯಾರು ಏನು ಹೇಳುತ್ತಾರೆ

ಒಂದು ಕಡೆಯ ವಾದ ಹೀಗಿದೆ: ಈಗಿನ ಮನೆಗಳಲ್ಲಿ ಎಲ್ಲವೂ ಎಲೆಕ್ಟ್ರಾನಿಕ್. ಎಲ್‌ಇಡಿ, ಬಿಎಲ್‌ಡಿಸಿ ಫ್ಯಾನ್, ಫೋನ್ ಇಷ್ಟೇ ಇದ್ದರೆ ಸ್ಕ್ವೇರ್ ವೇವ್ ಸಾಕು, ಜಾಸ್ತಿ ದುಡ್ಡು ಯಾಕೆ? ಇದರಲ್ಲಿ ಅರ್ಧ ನಿಜ ಇದೆ. ದುಡ್ಡು ತೀರಾ ಬಿಗಿ ಇರುವ ಮನೆಯಲ್ಲಿ ನಾಲ್ಕು ಬಲ್ಬ್, ಒಂದು ಚಾರ್ಜರ್‌ಗೆ ಅದು ನಡೆಯುತ್ತದೆ. ಆದರೆ ಮನೆಯಲ್ಲಿ ಒಂದಾದರೂ ಹಳೆಯ ಫ್ಯಾನ್, ಮಿಕ್ಸಿ, ಫ್ರಿಜ್ ಇದ್ದರೆ ಲೆಕ್ಕ ಬದಲಾಗುತ್ತದೆ. ಆಕ್ಟಿವ್ ಪಿಎಫ್‌ಸಿ (ತಾನು ಎಳೆಯುವ ಕರೆಂಟನ್ನು ನಯ ಮಾಡುವ ಸರ್ಕ್ಯೂಟ್) ಇರುವ ಕೆಲವು ಕಂಪ್ಯೂಟರ್ ಪವರ್ ಸಪ್ಲೈಗಳೂ ಸ್ಕ್ವೇರ್ ವೇವ್ ಮೇಲೆ ನಿಂತುಹೋಗುತ್ತವೆ. ಇನ್ನು ಆಕ್ಸಿಜನ್ ಕಾನ್ಸಂಟ್ರೇಟರ್. 2021ರ ಕೋವಿಡ್ ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಿಗೆ ಇದು ಬಂತು. ಅದರೊಳಗೆ ಇರುವುದು ಕಂಪ್ರೆಸರ್ ಮೋಟರ್. ಉಸಿರಿಗೆ ಆಸರೆಯಾದ ಯಂತ್ರವನ್ನು ಸ್ಕ್ವೇರ್ ವೇವ್ ಮೇಲೆ ಓಡಿಸುವುದು ತಪ್ಪು. ಇದರಲ್ಲಿ ಎರಡು ಮಾತಿಲ್ಲ.

ಜನರೇಟರ್ ಮಾರುವವರ ವಾದ ಬೇರೆ. ‘ನಮ್ಮ ಯಂತ್ರ ಫ್ಯಾಕ್ಟರಿಯಿಂದ ಒಳ್ಳೆಯ ಅಲೆ ಕೊಟ್ಟೇ ಹೊರಡುತ್ತದೆ, ಕೆಡಿಸುವುದು ನಿಮ್ಮ ಲೋಡ್.’ ಇದೂ ಸುಳ್ಳಲ್ಲ. ಆದರೆ ಆ ಪರೀಕ್ಷೆ ನಡೆಯುವುದು ಹೆಚ್ಚಾಗಿ ಹೀಟರ್ ತರಹದ ಸಾದಾ ಲೋಡಿನ ಮೇಲೆ. ಕೊಳ್ಳುವವರ ಕಟ್ಟಡದಲ್ಲಿ ಅಂಥ ಲೋಡ್ ಇರುವುದಿಲ್ಲ. ಜನರೇಟರ್ ಸೆಟ್‌ಗಳಿಗೆ ಐಎಸ್‌ಒ 8528 ಅನ್ನುವ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಜಿ1, ಜಿ2, ಜಿ3 ಅನ್ನುವ ದರ್ಜೆಗಳಿವೆ. ಲೈಟು, ಹೀಟರ್‌ಗೆ ಜಿ1 ಸಾಕು. ಟೆಲಿಕಾಂ ಉಪಕರಣ, ಥೈರಿಸ್ಟರ್ (ಒಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಲೋಡ್‌ಗಳಿಗೆ ಜಿ3. ಕಟ್ಟಡಕ್ಕೆ ಯಾವ ದರ್ಜೆ ಬೇಕು ಅನ್ನುವ ಚರ್ಚೆ ಖರೀದಿಯ ಹೊತ್ತಿಗೇ ಆಗಬೇಕು. ಆದರೆ ಮಾತೆಲ್ಲ ಕೆವಿಎ (ಸಾಮರ್ಥ್ಯ) ಎಷ್ಟು, ರೇಟ್ ಎಷ್ಟು ಎಂಬಲ್ಲಿಗೇ ನಿಲ್ಲುತ್ತದೆ.

ಗುರುತುಗಳು ಹೇಳುವುದು ಎಷ್ಟು

ಸಿಪಿಸಿಬಿ 4 ಪ್ಲಸ್ ನಿಯಮ 800 ಕಿಲೋವ್ಯಾಟ್ ತನಕದ ಜನರೇಟರ್ ಎಂಜಿನ್‌ಗಳ ಹೊಗೆಗೆ ಸಂಬಂಧಿಸಿದ್ದು. ಗಾಳಿಗೆ ಅದು ಬೇಕೇ ಬೇಕಾಗಿತ್ತು. ಪರೋಕ್ಷವಾಗಿ ಒಂದು ಲಾಭವೂ ಆಯಿತು. ಹೊಗೆ ಕಡಿಮೆ ಮಾಡಲು ಎಂಜಿನ್‌ಗಳಿಗೆ ಎಲೆಕ್ಟ್ರಾನಿಕ್ ಇಂಧನ ನಿಯಂತ್ರಣ ಬಂತು, ಅದರಿಂದ ವೇಗ ಹೆಚ್ಚು ಸ್ಥಿರವಾಯಿತು, ಹಾಗಾಗಿ ಫ್ರೀಕ್ವೆನ್ಸಿಯೂ ಸುಧಾರಿಸಿತು. ಆದರೆ ಅಲೆಯ ಆಕಾರ ಎಂಜಿನ್ ಕೆಲಸವಲ್ಲ, ಆಲ್ಟರ್ನೇಟರ್‌ನದ್ದು. ಅದರ ಬಗ್ಗೆ ಈ ನಿಯಮ ಮಾತಾಡುವುದಿಲ್ಲ. ‘ಕ್ಲೀನ್’ ಅಂದದ್ದು ಹೊಗೆಗೆ, ಕರೆಂಟಿಗಲ್ಲ.

ಹೊಸ ನಿಯಮ ಒಂದು ಇಕ್ಕಟ್ಟನ್ನೂ ತಂದಿದೆ. ಅಲೆ ಕೆಡುತ್ತದೆ ಅಂದರೆ ಹಳೆಯ ಸಲಹೆ ಏನಾಗಿತ್ತು? ‘ಒಂದು ಸೈಜ್ ದೊಡ್ಡ ಜನರೇಟರ್ ತಗೊಳ್ಳಿ.’ ಕೊಡ ದೊಡ್ಡದಾದರೆ ನೀರಿನ ಮಟ್ಟ ಕಡಿಮೆ ಅಲ್ಲಾಡುತ್ತದೆ ಅಲ್ವಾ, ಆ ಲೆಕ್ಕ. ಆದರೆ ದೊಡ್ಡ ಡೀಸೆಲ್ ಎಂಜಿನ್ ಸದಾ ಕಡಿಮೆ ಲೋಡಿನಲ್ಲಿ ಓಡಿದರೆ ಅದರ ಹೊಗೆ ಸಾಕಷ್ಟು ಬಿಸಿಯಾಗುವುದಿಲ್ಲ. ಹೊಗೆ ಶುದ್ಧ ಮಾಡುವ ಸಾಧನಗಳಿಗೆ ಆ ಬಿಸಿ ಬೇಕು. ಬಿಸಿ ಸಿಗದಿದ್ದರೆ ಮಸಿ ಕಟ್ಟುತ್ತದೆ, ಕೆಲಸ ನಿಲ್ಲುತ್ತದೆ. ಹಾಗಾಗಿ ಅಲೆಗೆ ಒಳ್ಳೆಯದಾದ ಪರಿಹಾರ ಈಗ ಎಂಜಿನ್‌ಗೆ ಕೆಟ್ಟದ್ದು. ನಡುವಿನ ದಾರಿ ಇದೆ: ಎಂಜಿನ್ ಲೋಡಿಗೆ ತಕ್ಕಷ್ಟೇ ಇರಲಿ, ಆಲ್ಟರ್ನೇಟರ್ ಮಾತ್ರ ಒಂದು ಸೈಜ್ ದೊಡ್ಡದು ಹಾಕಿಸಿ. ಇಂಥ ಜೋಡಿಯನ್ನು ಕೇಳಿ ಮಾಡಿಸಬಹುದು. ಕೇಳಬೇಕು ಅಂತ ಕೊಳ್ಳುವವರಿಗೆ ಗೊತ್ತಿರಬೇಕು, ಅಷ್ಟೇ.

ಯುಪಿಎಸ್ ಮೇಲಿನ ಬಿಐಎಸ್ ಗುರುತಿನದ್ದೂ ಇದೇ ಕಥೆ. 10 ಕೆವಿಎ ತನಕದ ಯುಪಿಎಸ್, ಇನ್ವರ್ಟರ್‌ಗಳಿಗೆ ಕಡ್ಡಾಯ ನೋಂದಣಿ ಇದೆ. ಅದಕ್ಕೆ ಆಧಾರವಾದ ಐಎಸ್ 16242ರ ಮೊದಲ ಭಾಗ ಸುರಕ್ಷತೆಯದ್ದು. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು. ಒಳ್ಳೆಯದೇ. ಆದರೆ ಒಂದು ಸ್ಕ್ವೇರ್ ವೇವ್ ಯುಪಿಎಸ್ ಕೂಡ ಇದನ್ನು ಪಾಸಾಗಬಹುದು. ಸ್ಟಾರ್ ಲೇಬಲ್ ಕರೆಂಟ್ ಎಷ್ಟು ಉಳಿಯುತ್ತದೆ ಎಂದಷ್ಟೇ ಹೇಳುತ್ತದೆ.

ಹಾಗಂತ ಅಲೆಯನ್ನು ಹೇಳಲು ಭಾಷೆಯೇ ಇಲ್ಲ ಅಂತಲ್ಲ. ಐಇಸಿ 62040 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಮೂರನೇ ಭಾಗದಲ್ಲಿ ಯುಪಿಎಸ್‌ಗೆ ಒಂದು ಅಕ್ಷರ ಸಂಕೇತ ಇದೆ. ‘ಎಸ್’ ಅಂದರೆ ಸಾದಾ ಲೋಡಿರಲಿ, ಕಂಪ್ಯೂಟರ್ ತರಹದ ಗಬಗಬ ನುಂಗುವ ಲೋಡಿರಲಿ, ಅಲೆ ಸೈನ್ ಆಗಿಯೇ ಇರುತ್ತದೆ, ಟಿಎಚ್‌ಡಿ 8 ಪರ್ಸೆಂಟ್ ದಾಟುವುದಿಲ್ಲ. ‘ಎಕ್ಸ್’ ಅಂದರೆ ಸಾದಾ ಲೋಡಿಗೆ ಸೈನ್, ಕಷ್ಟದ ಲೋಡಿಗೆ ಕೆಡಬಹುದು. ‘ವೈ’ ಅಂದರೆ ಅದು ಸೈನ್ ವೇವ್ ಅಲ್ಲ. ಎಷ್ಟು ಸರಳ ನೋಡಿ, ಒಂದೇ ಅಕ್ಷರ! ಈ ಅಕ್ಷರವನ್ನು ಡಬ್ಬಿಯ ಮೇಲೆ ದಪ್ಪಕ್ಕೆ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಡಬ್ಬಿಯ ಮೇಲಿನ ‘ಪ್ಯೂರ್ ಸೈನ್ ವೇವ್’ ಅನ್ನುವ ಮಾತು ‘ಎಸ್’ ಕೂಡ ಆಗಿರಬಹುದು, ‘ಎಕ್ಸ್’ ಕೂಡ ಆಗಿರಬಹುದು. ಅಂಗಡಿಯಲ್ಲಿ ನಿಂತವರಿಗೆ ಆ ವ್ಯತ್ಯಾಸ ತಿಳಿಯುವ ದಾರಿ ಈಗ ಇಲ್ಲ.

ಗ್ರಿಡ್‌ಗೆ ಸೇರುವ ದೊಡ್ಡ ಬಳಕೆದಾರರು ಎಷ್ಟು ಹಾರ್ಮೋನಿಕ್ಸ್ ಹಾಕಬಹುದು ಅನ್ನುವುದಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಇದೆ. ಅದು ಕಾಯುವುದು ಕೆರೆಯನ್ನು. ಚೇಂಜ್‌ಓವರ್ ಬಿದ್ದ ಮೇಲೆ ಕೊಡದೊಳಗೆ ಏನಾಗುತ್ತದೆ ಎಂದು ನೋಡುವ ಹೊಣೆ ಕಟ್ಟಡದವರ ಮೇಲೇ ಬೀಳುತ್ತದೆ.

ಮುಂದೆ ಏನಾಗುತ್ತದೆ

ಅಲೆಯನ್ನು ಕೆಡಿಸುವ ಲೋಡ್‌ಗಳು ಜಾಸ್ತಿಯಾಗುತ್ತಲೇ ಹೋಗುತ್ತವೆ. ಲಿಫ್ಟ್‌ಗಳಿಗೆ ಮೋಟರ್ ವೇಗ ಹೊಂದಿಸುವ ಡ್ರೈವ್ ಬಂದಿದೆ, ನೀರಿನ ಪಂಪ್‌ಗಳಿಗೂ ಬರುತ್ತಿದೆ. ಪಾರ್ಕಿಂಗ್‌ನಲ್ಲಿ ಕಾರು, ಸ್ಕೂಟರ್ ಚಾರ್ಜರ್‌ಗಳು ಸಾಲಾಗಿ ಕೂರುತ್ತಿವೆ. ಇವೆಲ್ಲ ರೆಕ್ಟಿಫೈಯರ್ ಮೂಲಕವೇ ಕರೆಂಟ್ ತೆಗೆದುಕೊಳ್ಳುವುದು. ಮೂರು ಫೇಸಿನ ಡ್ರೈವ್‌ಗಳು ಹೊರಹಾಕುವ ಐದನೇ ಹಾರ್ಮೋನಿಕ್ ಮೋಟರ್‌ನಲ್ಲಿ ಉಲ್ಟಾ ದಿಕ್ಕಿಗೆ ಎಳೆಯುತ್ತದೆ. ಒಂದೇ ಫೇಸಿನ ಉಪಕರಣಗಳ ಮೂರನೇ ಹಾರ್ಮೋನಿಕ್ ಇನ್ನೂ ಅಪಾಯದ್ದು. ಮೂರು ಫೇಸುಗಳಿಂದ ಬಂದ 50 ಹರ್ಟ್ಜ್ ಕರೆಂಟ್ ನ್ಯೂಟ್ರಲ್‌ನಲ್ಲಿ (ಕರೆಂಟ್ ವಾಪಸ್ ಹೋಗುವ ತಂತಿಯಲ್ಲಿ) ಒಂದನ್ನೊಂದು ವಜಾ ಮಾಡುತ್ತದೆ. ಆದರೆ 150 ಹರ್ಟ್ಜ್ ವಜಾ ಆಗುವುದಿಲ್ಲ, ಕೂಡುತ್ತದೆ. ಕೆಟ್ಟ ಸಂದರ್ಭದಲ್ಲಿ ನ್ಯೂಟ್ರಲ್ ಕರೆಂಟ್ ಫೇಸ್ ಕರೆಂಟಿನ 1.7 ಪಟ್ಟು ತನಕ ಹೋಗಬಹುದು. ಹಳೆಯ ಕಟ್ಟಡಗಳಲ್ಲಿ ದುಡ್ಡು ಉಳಿಸಲು ನ್ಯೂಟ್ರಲ್‌ಗೆ ಸಣ್ಣ ಕೇಬಲ್ ಎಳೆದಿದ್ದರೆ ಅದು ಸದ್ದಿಲ್ಲದೆ ಬಿಸಿಯಾಗುತ್ತದೆ. ಅದರ ಜಾಯಿಂಟ್ ಸುಟ್ಟು ಬಿಟ್ಟುಕೊಂಡರೆ ಕೆಲವು ಮನೆಗಳ ವೋಲ್ಟೇಜ್ 400ರ ಹತ್ತಿರ ಹೋಗುತ್ತದೆ. ಆ ಕ್ಷಣಕ್ಕೆ ಟಿವಿ, ಫ್ರಿಜ್ ಎಲ್ಲ ಹೋದವು ಅಂತಲೇ ಲೆಕ್ಕ.

ಸೋಲಾರ್ ಕೂಡ ಈ ಲೆಕ್ಕಕ್ಕೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾದ ಮೇಲೆ ಚಾವಣಿ ಸೋಲಾರ್‌ನ ಮಾತು ಎಲ್ಲೆಡೆ ಇದೆ. ‘ಬಿಸಿಲು ಇಷ್ಟಿದ್ದರೂ ಕರೆಂಟ್ ಹೋದಾಗ ನಮ್ಮ ಸೋಲಾರ್ ಯಾಕೆ ನಿಲ್ಲುತ್ತದೆ’ ಅನ್ನುವ ಪ್ರಶ್ನೆಗೆ ಉತ್ತರವೂ ಅಲೆಯೇ. ಈ ಇನ್ವರ್ಟರ್‌ಗಳು ಗ್ರಿಡ್ ಅಲೆಯನ್ನು ನೋಡಿ ಅದಕ್ಕೆ ತಾಳ ಹಾಕುತ್ತವೆ. ಅಲೆ ಇಲ್ಲದಿದ್ದರೆ ಸುಮ್ಮನಾಗಬೇಕು, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯುವುದು ಹೀಗೆ. ಜನರೇಟರ್ ಶುರುವಾದಾಗ ಅದರ ಅಲೆಗೇ ತಾಳ ಹಾಕಲು ಹೋದರೆ, ಒಂದೋ ಅಲೆ ಸರಿಯಿಲ್ಲವೆಂದು ಬಿಟ್ಟು ಬಿಟ್ಟು ಹೋಗುತ್ತವೆ, ಇಲ್ಲವೇ ಲೋಡಿಗಿಂತ ಜಾಸ್ತಿ ತಯಾರಿಸಿ ಜನರೇಟರ್ ಒಳಕ್ಕೇ ತಳ್ಳುತ್ತವೆ. ಎರಡನ್ನೂ ಹೊಂದಿಸುವ ಕಂಟ್ರೋಲರ್ ಇಲ್ಲದೆ ಸೋಲಾರ್, ಜನರೇಟರ್ ಒಂದೇ ಬಸ್‌ಬಾರ್‌ಗೆ (ಕರೆಂಟ್ ಹಂಚುವ ಲೋಹದ ಪಟ್ಟಿಗೆ) ಸೇರಿಸಬಾರದು.

ಡೀಸೆಲ್ ಬಿಟ್ಟು ದೊಡ್ಡ ಲಿಥಿಯಂ ಬ್ಯಾಟರಿಗೆ ಹೋಗೋಣ ಅನ್ನುವ ಅಪಾರ್ಟ್‌ಮೆಂಟುಗಳೂ ಇವೆ. ಹೊಗೆ ಇಲ್ಲ, ಸದ್ದಿಲ್ಲ, ಅಲೆಯೂ ಚೆನ್ನಾಗಿರುತ್ತದೆ. ಆದರೆ ಇನ್ವರ್ಟರ್‌ಗೆ ತನ್ನ ಮಿತಿ ದಾಟಿ ಕರೆಂಟ್ ಕೊಡುವ ಶಕ್ತಿ ಕಡಿಮೆ. ಪಂಪ್ ಶುರುವಾಗುವಾಗ ಮಾಮೂಲಿನ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಆಲ್ಟರ್ನೇಟರ್ ಒಂದೆರಡು ಸೆಕೆಂಡ್ ತಡೆದುಕೊಂಡು ಕೊಡುತ್ತದೆ. ಇನ್ವರ್ಟರ್ ಕೈಲಾಗದೆ ಅಲೆಯ ತಲೆ ಕತ್ತರಿಸುತ್ತದೆ, ಇಲ್ಲವೇ ಟ್ರಿಪ್ ಆಗುತ್ತದೆ. ಅದಕ್ಕೇ ಪಂಪನ್ನು ಮೆಲ್ಲಗೆ ಶುರುಮಾಡುವ ಸಾಫ್ಟ್ ಸ್ಟಾರ್ಟರ್ ಹಾಕದೆ ಬ್ಯಾಟರಿಯ ಸೈಜ್ ಲೆಕ್ಕ ಹಾಕಬಾರದು.

ಅಳೆಯುವುದು ಯಾವಾಗ

ಜನರೇಟರ್ ಕೊಟ್ಟು ಹೋಗುವಾಗ ಮಾರಿದವರು ಓಡಿಸಿ ತೋರಿಸುತ್ತಾರೆ. ಬೆಳಗ್ಗೆ 11 ಗಂಟೆ, ಅರ್ಧ ಜನ ಆಫೀಸಿಗೆ ಹೋಗಿರುತ್ತಾರೆ, ಲಿಫ್ಟ್ ಖಾಲಿ. ಆಗ ಅಲೆ ನಯವಾಗಿಯೇ ಕಾಣುತ್ತದೆ. ಅದನ್ನು ನೋಡಿ ಸಹಿ ಹಾಕಬಾರದು. ಸಂಜೆ ಏಳೂವರೆಗೆ, ಎಲ್ಲ ಮನೆಯ ಲೈಟು, ಟಿವಿ ಹತ್ತಿರುವಾಗ, ಎರಡೂ ಲಿಫ್ಟ್ ಓಡುವಾಗ, ಯುಪಿಎಸ್‌ಗಳು ಚಾರ್ಜ್ ಆಗುತ್ತಿರುವಾಗ ಗ್ರಿಡ್ ಕರೆಂಟ್ ತೆಗೆದು ಜನರೇಟರ್ ಮೇಲೆ ಹಾಕಿಸಬೇಕು. ಪವರ್ ಕ್ವಾಲಿಟಿ ಅನಲೈಸರ್ ಅನ್ನುವ ಮೀಟರ್ ಬಾಡಿಗೆಗೆ ಸಿಗುತ್ತದೆ. ಅದನ್ನು ಜನರೇಟರ್ ಪ್ಯಾನಲ್‌ನಲ್ಲಿ ಒಂದು ಕಡೆ, ಕೊನೆಯ ಮಹಡಿಯ ಸಾಕೆಟ್‌ನಲ್ಲಿ ಇನ್ನೊಂದು ಕಡೆ ಇಟ್ಟು ಟಿಎಚ್‌ಡಿ ಬರೆದುಕೊಳ್ಳಬೇಕು. ಕಡಿಮೆ ವೋಲ್ಟೇಜಿನ ವ್ಯವಸ್ಥೆಗೆ ಐಇಇಇ 519 ಅನ್ನುವ ಮಾನದಂಡ ಹೇಳುವ 8 ಪರ್ಸೆಂಟ್ ಮಿತಿ ಗ್ರಿಡ್‌ಗೆ ಸೇರುವ ಜಾಗದ್ದು. ಕಟ್ಟಡದೊಳಗೂ ಅದನ್ನೇ ಗುರಿಯಾಗಿ ಇಟ್ಟುಕೊಂಡರೆ ತಪ್ಪಿಲ್ಲ. ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರನ್ನು ಮೂರು ಫೇಸುಗಳಿಗೆ ಹಾಕಿ ನೋಡಿದ ಮೇಲೆ ನಾಲ್ಕನೆಯ ಕೇಬಲ್‌ಗೂ, ಅಂದರೆ ನ್ಯೂಟ್ರಲ್‌ಗೂ ಹಾಕಿಸಿ. ಅಲ್ಲಿ ಬರುವ ಅಂಕಿ ಫೇಸಿನ ಅಂಕಿಗಿಂತ ಜಾಸ್ತಿ ಇದ್ದರೆ, ಜನರೇಟರ್ ಹಣದ ಕೊನೆಯ ಕಂತು ಕೊಡುವ ಮೊದಲು ವೈರಿಂಗ್ ಬಿಚ್ಚಿ ನೋಡಬೇಕು.